ಬಕ್ರೀದಿನ ಸುರ್ಮಾ

ಡಾಕ್ಟರ್ ಶ್ವೇತಾ ಫೋನಿನಲ್ಲಿ ಕೇಳಿದ್ದು ಸಣ್ಣ ಪ್ರಶ್ನೆ.

"ಹಬ್ಬದ ಹಿಂದ ಮುಂದ ನಿಮ್ಮ ಮನ್ಯಾಗ ಯಾರಿಗರೆ ನೆಗಡಿ, ಜ್ವರ, ಹೊಟ್ಟಿ ಕೆಟ್ಟಿದ್ದು, ಕಣ್ಣ ಬಂದಿದ್ದು, ಇಂಥಾದ್ದೇನರೆ ಆಗಿತ್ತೇನ್ರಿ?"

ಮೊಬೈಲು ಅವ್ವನ ಕೈಯಲ್ಲಿತ್ತು. ಸ್ಪೀಕರ್ ಹಾಕಿಕೊಟ್ಟವಳು ನಾನೇ. ಅವ್ವ ನನ್ನ ಕಡೆ ನೋಡದೆ ಗೋಡೆಯ ಕಡೆ ನೋಡುತ್ತ, "ಇಲ್ಲವಾ, ಯಾರಿಗೂ ಏನೂ ಆಗಿಲ್ಲ. ಎಲ್ಲಾರೂ ಚಲೋ ಇದ್ವಿ" ಅಂದಳು.

"ಗುಲ್ಷನಗ?" ಎಂದು ನನ್ನ ಹೆಸರು ಹಿಡಿದು ಕೇಳಿದರು.

"ಆಕಿಗೇನಾಗೇತಿ, ಗುಂಡಕಲ್ಲಿನಂಗ ಅದಾಳ."

ಡಿಸೆಂಬರ್ ಮೂವತ್ತು, ಮಂಗಳವಾರ. ನಾನು ಅವ್ವನ ಬೆನ್ನ ಹಿಂದೆ ನಿಂತಿದ್ದೆ. ಒಂದು ಮಾತು ಆಡಬೇಕಿತ್ತು. ಗಂಟಲು ತನಕ ಬಂದ ಮಾತನ್ನು ನುಂಗುವುದು ನನಗೆ ಚಿಕ್ಕಂದಿನಿಂದ ರೂಢಿ. ಅವತ್ತೂ ನುಂಗಿದೆ.

ಡಾಕ್ಟರು ಕೇಳಿದ್ದು ಬೆಂಗಳೂರಿನ ದವಾಖಾನೆಯಲ್ಲಿದ್ದ ನನ್ನ ಅಣ್ಣ ಇರ್ಫಾನನ ಸಲುವಾಗಿ. ನಮ್ಮದು ನದಾಫರ ಮನೆ. ಗಜೇಂದ್ರಗಡದ ಪೇಟೆಯಲ್ಲಿ ಅಪ್ಪ ಮುರ್ತುಜಾಸಾಬನದು ಗಾದಿ ಅಂಗಡಿ. ಹತ್ತಿ ಹಿಂಜುವುದು, ಗಾದಿ ತುಂಬುವುದು, ಮದುವೆ ಮನೆಗಳಿಗೆ ದಿಂಬು ಹೊಲಿದು ಕೊಡುವುದು ಅಣ್ಣನೂ ಅಪ್ಪನೂ ಕೂಡಿ ಮಾಡುವ ಕೆಲಸ. ಇಪ್ಪತ್ತಾರನೆಯ ವಯಸ್ಸಿಗೆ ಅಣ್ಣನ ಒಸಡಿನಲ್ಲಿ ರಕ್ತ ನಿಲ್ಲದಾಯಿತು, ತೊಡೆಯ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳೆದ್ದವು. ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದೆ ಅಂದರು. ಬೇರೆಯವರ ಕಾಂಡಕೋಶ ಹಾಕಿದರೆ ಮಾತ್ರ ಅಲ್ಲಿ ಹೊಸ ರಕ್ತ ಹುಟ್ಟುತ್ತದೆಯಂತೆ. ಮನೆಯಲ್ಲಿ ಎಲ್ಲರ ರಕ್ತ ನೋಡಿದಾಗ ಹೊಂದಿದ್ದು ನನ್ನದೊಂದೇ. 2008ರ ಆಗಸ್ಟಿನಲ್ಲಿ ಬೆಂಗಳೂರಿನ ಒಂದು ದೊಡ್ಡ ದವಾಖಾನೆಯಲ್ಲಿ ನನ್ನ ತೋಳಿನಿಂದ ತೆಗೆದ ಕೋಶಗಳನ್ನು ಅಣ್ಣನಿಗೆ ಏರಿಸಿದರು. ಬಿ ಗುಂಪಿನ ರಕ್ತವಿದ್ದವನು ತಿಂಗಳೊಪ್ಪತ್ತಿನಲ್ಲಿ ನನ್ನ ಹಾಗೆ ಓ ಆದ.

"ರಕ್ತ ನಿಂದ ಆತು. ಇನ್ನ ನಾನೂ ನಿನ್ನಂಗ ಬಾಯಿಸತ್ತಾಂವ ಆಗ್ತೀನೇನ ಗುಲ್ಲಿ?" ಎಂದು ಅವನು ಬಾಯಿಗೆ ಕಟ್ಟಿದ ಮುಸುಕಿನ ಒಳಗಿನಿಂದಲೇ ನಕ್ಕಿದ್ದ.

ನವೆಂಬರ್ ಕೊನೆಗೆ ಮನೆಗೆ ಬಿಟ್ಟರು. ಕೈಗೊಂದು ಇಂಗ್ಲಿಷ್ ಕಾಗದ ಕೊಟ್ಟಿದ್ದರು, ಹೇಗಿರಬೇಕು, ಹೇಗಿರಬಾರದು ಎಂದು. ಬಿ.ಎ. ಓದಿದವಳು ನಾನೊಬ್ಬಳೇ ಆದ್ದರಿಂದ ಅದನ್ನು ಕನ್ನಡಕ್ಕೆ ಇಳಿಸಿ ದೊಡ್ಡ ಅಕ್ಷರದಲ್ಲಿ ಬರೆದು ಅವನ ಕೋಣೆಯ ಬಾಗಿಲಿಗೆ ಹಚ್ಚಿದೆ. ನೀರು ಕಾಯಿಸಿ ಆರಿಸಬೇಕು. ತಾಟು ಬೇರೆ, ಲೋಟ ಬೇರೆ. ಹತ್ತಿಯ ಧೂಳು ಒಳಗೆ ಬರಬಾರದು. ನೆಗಡಿ, ಜ್ವರ, ಕಣ್ಣುಬೇನೆ ಇದ್ದವರು ಹೊಸಿಲು ದಾಟಬಾರದು. ಆ ಕಡೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದವಳೂ ನಾನೇ. ಅಪ್ಪ ಹಿಂಜುವ ಯಂತ್ರವನ್ನೇ ಹಿತ್ತಲ ತಗಡಿನ ಶೆಡ್ಡಿಗೆ ಸಾಗಿಸಿದ. ನಮ್ಮಲ್ಲಿ ಹಬ್ಬದ ದಿನ ಎಲ್ಲರೂ ಒಂದೇ ಪರಾತದ ಸುತ್ತ ಕೂತು ಉಣ್ಣುವವರು. ಆ ಸಲ ಅಣ್ಣನಿಗೆ ಬೇರೆ ತಾಟು ಬಡಿಸಬೇಕಲ್ಲ ಎಂದು ಅವ್ವ ಹಬ್ಬಕ್ಕೆ ಎಂಟು ದಿನ ಮೊದಲೇ ಅತ್ತಳು.

ಬಕ್ರೀದು ಡಿಸೆಂಬರ್ ಒಂಬತ್ತಕ್ಕೆ. ಎಂಟರ ಸಂಜೆ ನನ್ನ ಎಡಗಣ್ಣಿನಲ್ಲಿ ಮರಳು ಬಿದ್ದ ಹಾಗಾಯಿತು. ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿತ್ತು. ಬಚ್ಚಲಲ್ಲಿ ಬಿಸಿನೀರಿನಿಂದ ತೊಳೆದುಕೊಂಡು ಕನ್ನಡಿ ನೋಡಿದೆ. ಅಷ್ಟೇನೂ ಕೆಂಪಿರಲಿಲ್ಲ, ಅಥವಾ ಅಷ್ಟೇನೂ ಕೆಂಪಿಲ್ಲ ಎಂದು ನಾನೇ ತೀರ್ಮಾನಿಸಿದೆ. ಹೇಳಿದರೆ ಅಪ್ಪ ಕೂಡಲೇ ನನ್ನನ್ನು ರಾಜೂರಿಗೆ, ಖತೀಜಾಬಿ ಅತ್ತಿಯ ಮನೆಗೆ ಕಳಿಸುತ್ತಿದ್ದ. ಸಾವಿನ ಬಾಗಿಲಿಂದ ತಿರುಗಿ ಬಂದ ಅಣ್ಣನ ಮೊದಲ ಹಬ್ಬ. ಅದರಲ್ಲಿ ನಾನಿಲ್ಲದೆ ಹೇಗೆ? ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾದೀತು ಅನ್ನಿಸಿತು.

ಹಬ್ಬದ ಬೆಳಿಗ್ಗೆ ಮನೆಮಂದಿಯ ಕಣ್ಣಿಗೆಲ್ಲ ಸುರ್ಮಾದ ಕಪ್ಪು ಪುಡಿ ಹಚ್ಚುವುದು ಅವ್ವನ ಕೆಲಸ. ಆಕೆಯ ತವರಿನಿಂದ ಬಂದ ಸುರ್ಮಾದಾನಿ, ಅದರೊಳಗೊಂದು ಹಿತ್ತಾಳೆಯ ಕಡ್ಡಿ. ಈದ್ಗಾಕ್ಕೆ ಹೊರಟ ಅಪ್ಪನಿಗೆ ಮೊದಲು. ಆಮೇಲೆ ನನಗೆ. ಅವ್ವ ನನ್ನ ಗಲ್ಲ ಹಿಡಿದು, ರೆಪ್ಪೆ ಎಳೆದು, ಕಡ್ಡಿಯನ್ನು ಒಂದು ಸಲ ಹಾಯಿಸಿದಳು. ಆಕೆ ಕಡ್ಡಿಯನ್ನು ಸೆರಗಿನಿಂದ ಒರೆಸಿ, ಮತ್ತೆ ಸುರ್ಮಾದಲ್ಲಿ ಅದ್ದಿ, ಅಣ್ಣನ ಕೋಣೆಯ ಹೊಸಿಲು ದಾಟಿದಳು.

"ಈಗರೆ ನನ ಮಗ ಹುಡುಗರಂಗ ಕಾಣಸ್ತಾನ" ಎಂದು ಒಳಗಿನಿಂದ ಅವ್ವನ ದನಿ ಬಂತು.

"ಕೂದಲಿಲ್ಲ, ಹುಬ್ಬಿಲ್ಲ, ಸುರ್ಮಾ ಒಂದ ಹಚ್ಚಿ. ಬೆದರಬೊಂಬಿಗೆ ಅಲಂಕಾರ ಮಾಡಿದಂಗಾತು" ಅಂದ ಅಣ್ಣ.

ನಾನು ಹೊರಗೆ ನಿಂತು ನಕ್ಕೆ. ಬೇಡ ಎನ್ನಲು ಆಗ ಬೇಕಾಗಿದ್ದುದು ಒಂದು ಅಕ್ಷರ, ಒಂದು ಕೆಮ್ಮು.

ಐದು ದಿನದಲ್ಲಿ ನನ್ನ ಕಣ್ಣು ತಿಳಿಯಾಯಿತು. ಅಣ್ಣನ ಕಣ್ಣು ಕೆಂಪಾಗಲೇ ಇಲ್ಲ. ಅದನ್ನು ನೋಡಿ ನೋಡಿ ಸಮಾಧಾನಪಟ್ಟುಕೊಂಡೆ. ಇಪ್ಪತ್ನಾಲ್ಕನೇ ತಾರೀಖು ಅವನ ಮೂತ್ರದಲ್ಲಿ ರಕ್ತ ಬಂತು. ಇಪ್ಪತ್ತಾರಕ್ಕೆ ಅಪ್ಪ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬರನ್ನು ಮಾತ್ರ ಜೊತೆಗೆ ಇರಗೊಡುತ್ತಾರೆ. ಊರಲ್ಲಿ ಅವ್ವ ಮತ್ತು ನಾನು ಉಳಿದೆವು.

ಡಾಕ್ಟರ್ ಶ್ವೇತಾ ನರಗುಂದದವರು. ದೊಡ್ಡ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ನಮ್ಮ ಮಾತು ತಿಳಿಯುವವರು ಅಲ್ಲಿ ಅವರೊಬ್ಬರೇ ಆದ್ದರಿಂದ ನಮಗೆ ಫೋನು ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಜನವರಿ ಏಳಕ್ಕೆ ಮತ್ತೆ ಫೋನು ಬಂತು. ಈ ಸಲ ನನ್ನನ್ನೇ ಕರೆದು ಮಾತಾಡಿದರು.

"ಗುಲ್ಷನ, ಕೇಳು. ಅಣ್ಣನ ಮೈತುಂಬ ಒಂದ ವೈರಸ್ ಹರವೇತಿ. ನಮಗ ನಿಮಗ ಬಂದ್ರ ನೆಗಡಿ ಮಾಡಿ, ಕಣ್ಣ ಕೆಂಪ ಮಾಡಿ ಹೋಗ್ತೈತಿ. ಅವಗ ಹಂಗಲ್ಲ, ತಡಿಯೂ ಶಕ್ತಿ ಇನ್ನೂ ಬಂದಿಲ್ಲ. ಈಗ ಕೊಡೂ ಔಷಧ ವೈರಸ್ಸಿಗೆ ಸಲ್ಪ ಬಡೀತೈತಿ, ಕಿಡ್ನಿಗೆ ಭಾಳ ಬಡೀತೈತಿ."

"ಬ್ಯಾರೆ ಏನೂ ಇಲ್ಲೇನ್ರಿ ಅಕ್ಕಾರ?"

"ಒಂದ ಐತಿ. ಇನ್ನೂ ಪ್ರಯೋಗದ ಹಂತದಾಗ ಐತಿ. ಕಾಂಡಕೋಶ ಕೊಟ್ಟವರ ರಕ್ತದಾಗಿನ ಬಿಳಿಕಣ ತಗೊಂಡು, ಅವುಗಳ ಮುಂದ ಈ ವೈರಸ್ಸಿನ ತುಣುಕ ಇಡ್ತಾರ. ಯಾವ ಕಣಕ್ಕ ಅದರ ಗುರ್ತ ಇರ್ತೈತಿ, ಅದು ಮೈ ಝಾಡಿಸಿ ಏಳ್ತೈತಿ. ಎದ್ದವನ್ನಷ್ಟ ಆರಿಸಿ ರೋಗಿಗೆ ಏರಸೂದು. ಚೀಲ ಜ್ವಾಳದಾಗ ಹತ್ತ ಕಾಳ ಆರಿಸಿದಂಗ. ನಮ್ಮಲ್ಲಿ ಇಬ್ಬರಿಗಷ್ಟ ಮಾಡೇವಿ. ಒಬ್ಬಾಕಿ ಉಳದ್ಲು."

"ನನ್ನ ರಕ್ತ ತಗೋರಿ."

"ನೋಡಿದ್ವಿ ಗುಲ್ಷನ. ಆಗಸ್ಟ್‌ನಾಗ ತಗದ ನಿನ್ನ ರಕ್ತ ಇಲ್ಲೇ ಐತಿ. ಅದಕ್ಕ ಈ ವೈರಸ್ಸಿನ ಗುರ್ತ ಇಲ್ಲ. ಅಣ್ಣನ ರಕ್ತ ಈಗ ನಿಂದ ಅಲ್ಲೇನ, ಅದಕ್ಕ ಅವಗೂ ಇಲ್ಲ. ಗುರ್ತ ಇರಲಾರದವ್ರನ್ನ ಈ ಪ್ರಯೋಗದಾಗ ತಗೊಳ್ಳಂಗಿಲ್ಲ. ಆಗಸ್ಟ್ ಆದಮ್ಯಾಲೆ ನಿನಗ ಏನರೆ ಬಂದು ಹೋಗಿದ್ರ ಮಾತ ಬ್ಯಾರೆ ಇತ್ತು. ಬಂದಿಲ್ಲಂತ ಅವ್ವಾರ ಹೇಳ್ಯಾರ. ನಾ ಭೋಗಿಗೆ ಎರಡ ದಿನ ನರಗುಂದಕ್ಕ ಬರ್ತೀನಿ, ಹೋಗಿ ಬಂದು ಮತ್ತ ಫೋನ್ ಮಾಡ್ತೀನಿ."

ಅವ್ವ ಮಗ್ಗುಲಲ್ಲೇ ಕೂತಿದ್ದಳು. "ಏನಂತಾರ?" ಅಂದಳು.

"ಔಷಧ ನಡದೈತಂತ" ಅಂದೆ.

ಕಣ್ಣಿನ ಮಾತು ತೆಗೆದರೆ ಕಡ್ಡಿಯ ಮಾತು ಬರುತ್ತಿತ್ತು. ಕಡ್ಡಿ ಹಿಡಿದ ಕೈ ಯಾರದು? ಹಾಲು ಒಯ್ಯಲು ಬರುವ ಪಕ್ಕದ ಮನೆಯ ಮಾನವ್ವನ ಮುಂದೆ ಅವ್ವ ದಿನವೂ ಅದನ್ನೇ ಹೇಳುತ್ತಿದ್ದಳು: "ನಾ ಎಷ್ಟ ಜ್ವಾಪಾನ ಮಾಡಿದ್ನೆವಾ, ಅವನ ತಾಟಿಗೆ ಇನ್ನೊಬ್ಬರ ನೆಳ್ಳ ಬೀಳಗೊಡಲಿಲ್ಲ. ಎಲ್ಲಿಂದ ಬಂತ ಇದು?" ಮಾನವ್ವ, "ಗಾಳ್ಯಾಗ ಬಂದಿರಬೇಕ ಬಿಡಬೇ" ಅನ್ನುತ್ತಿದ್ದಳು. ನಾನು ಒಳಗೆ ಹೋಗಿ ದಿನಚರಿ ಬರೆಯುತ್ತಿದ್ದೆ. ಇವತ್ತು ಹೇಳಬೇಕು ಎಂದು ಎಂಟರಂದು ಬರೆದೆ. ಒಂಬತ್ತರಂದೂ ಅದನ್ನೇ ಬರೆದೆ. ಹತ್ತರಂದು ಬರೆಯಲು ನಾಚಿಕೆಯಾಯಿತು.

ಹನ್ನೆರಡಕ್ಕೆ ಅಪ್ಪನ ಫೋನು. ಅಪ್ಪ ಮಾತಾಡುತ್ತಿರುವಾಗಲೇ ಹಿಂದಿನಿಂದ ಒಂದು ಕೂಗು ಕೇಳಿತು. ಅಪ್ಪ, "ಉಚ್ಚಿ ಬಂದಾಗ ಹಿಂಗ ಆಗ್ತೈತವಾ. ಗಡ್ಡಿ ಗಡ್ಡಿ ರಕ್ತ ಬೀಳ್ತೈತಿ" ಎಂದ. ಅಣ್ಣ ಕೂಗುವುದನ್ನು ನಾನು ಹುಟ್ಟಿ ಕೇಳಿರಲಿಲ್ಲ. ಗಾದಿ ಸೂಜಿ ಅಂಗೈಯಲ್ಲಿ ಹಾಯ್ದಾಗಲೂ "ಥತ್" ಅಂದಿದ್ದ, ಅಷ್ಟೇ.

ಮರುದಿನ ಭೋಗಿ. ರೋಣದ ಕಾಲೇಜಿನಿಂದ ಮಾರ್ಕ್ಸ್ ಕಾರ್ಡ್ ತರಬೇಕೆಂದು ಅವ್ವನಿಗೆ ಸುಳ್ಳು ಹೇಳಿ ಬೆಳಗಿನ ಬಸ್ಸು ಹತ್ತಿದೆ. ಹಬ್ಬದ ದಿನ ಕಾಲೇಜು ತೆರೆದಿರುತ್ತದೆಯೇ ಎಂದು ಅವ್ವ ಕೇಳಲಿಲ್ಲ. ರೋಣದಲ್ಲಿ ಇಳಿದು ನರಗುಂದದ ಬಸ್ಸಿಗೆ ಒಂದು ತಾಸು ಕಾದೆ. ನಾನೊಬ್ಬಳೇ ರೋಣ ದಾಟಿ ಹೋದದ್ದು ಅದೇ ಮೊದಲು. ನರಗುಂದದ ಬಸ್‌ಸ್ಟ್ಯಾಂಡಿನ ಎದುರಿನ ಔಷಧದಂಗಡಿಯ ಮುಂದೆ ಎರಡು ಸಲ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಅಂಗಡಿಯವನೇ, "ಏನ ಬೇಕಬೇ ತಂಗಿ? ಆಗಿಂದ ಸುತ್ತಾಕತ್ತಿ" ಅಂದ. ಬೆಂಗಳೂರಲ್ಲಿ ಡಾಕ್ಟರಾಗಿರುವ ಶ್ವೇತಾ ಅವರ ಮನೆ ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಅವನಿಗೆ ಕೇಳಿತು. ಗುಡ್ಡದ ಕಡೆ ಕೈ ಮಾಡಿ ಓಣಿ ಹೇಳಿದ.

ಬಾಗಿಲಲ್ಲಿ ಅವರ ತಾಯಿ ಗೌರವ್ವ ಇದ್ದರು, ಕೈತುಂಬ ಸಜ್ಜೆ ಹಿಟ್ಟು.

"ಡಾಕ್ಟರು ಇಲ್ಲಿ ಬ್ಯಾನಿ ನೋಡಂಗಿಲ್ಲವಾ. ಎರಡ ದಿನ ಸೂಟಿ ಮ್ಯಾಲ ಬಂದಾಳ, ಅದರಾಗ ಒಂದ ದಿನ ನಿದ್ದಿ ಮಾಡ್ಯಾಳ."

ನಾನು ಚೀಲ ಹಿಡಿದು ಅಲ್ಲೇ ನಿಂತೆ. ಹೋಗಲಿಲ್ಲ. ಗೌರವ್ವ ನನ್ನ ಮುಖ ನೋಡಿ, "ಕುಂಡ್ರು. ಉಂಡ ಬಂದಿಯಿಲ್ಲೋ?" ಎಂದು ಎಳ್ಳು ಹಚ್ಚಿದ ರೊಟ್ಟಿಯೊಂದನ್ನು ಕೈಗಿಟ್ಟು ಒಳಗೆ ಕೂಗಿದರು.

ಶ್ವೇತಾ ಕೂದಲು ಬಿಟ್ಟುಕೊಂಡೇ ಬಂದರು. ನನ್ನ ಗುರುತು ಸಿಕ್ಕಿತು. ಏನಾಯಿತು, ಅಣ್ಣನ ಸುದ್ದಿಯೇನು ಎಂದು ಗಾಬರಿಯಿಂದ ಕೇಳಿದರು. ಬಸ್ಸಿನಲ್ಲಿ ಮೂರು ತಾಸು ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ. ಚೀಲದಿಂದ ದಿನಚರಿ ತೆಗೆದು, ಕಣ್ಣಿನ ಸಂಗತಿ ಬರೆದಿಟ್ಟಿದ್ದ ಡಿಸೆಂಬರ್ ಎಂಟು, ಒಂಬತ್ತರ ಪುಟ ತೆರೆದು ಕೊಟ್ಟೆ. ಇನ್ನೊಬ್ಬರು ಅದನ್ನು ಓದುವುದನ್ನು ನೋಡುವುದಾಗದೆ ರೊಟ್ಟಿಯ ಎಳ್ಳು ನೋಡುತ್ತ ಕೂತೆ.

ಅವರು ಎರಡು ಸಲ ಓದಿದರು.

"ಎಷ್ಟ ದಿನ ಇತ್ತು ಕೆಂಪು?"

"ಐದ ದಿನರಿ."

"ಅದ ಕಡ್ಡೀಲೆ ಅವಗೂ ಹಚ್ಚಿದ್ರು?"

"ಹೂಂ."

"ಎರಡ ಸಲ ಫೋನ್ ಮಾಡಿದ್ನೆಲ್ಲ ನಾ? ಯಾಕ ಹೇಳಲಿಲ್ಲ?"

"ಅವ್ವ ಬಾಜೂಕ ಇದ್ಲರಿ."

"ಅವ್ವ ಬಾಜೂಕ ಇದ್ಲಂತ ಅಣ್ಣ ಸಾಯಬೇಕೇನ?"

"ಹಬ್ಬದ ದಿನ ಎಂಥಾ ಮಾತ ಆಡ್ತೀಯೇ!" ಎಂದು ಒಲೆಯ ಮುಂದಿನಿಂದ ಗೌರವ್ವ ಗದರಿದರು. ಶ್ವೇತಾ ಆಗಲೇ ಮೊಬೈಲು ಹಿಡಿದು ಅಂಗಳಕ್ಕಿಳಿದಿದ್ದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ಸಿಟ್ಟಿನ ಜೊತೆ ಇನ್ನೇನೋ ಇತ್ತು.

"ನಿನ್ನ ಕಣ್ಣಿಗೆ ಬಂದಿದ್ದು ಅದ ವೈರಸ್ ಆಗಿದ್ರ, ಅದನ್ನ ಬಡದ ಓಡಿಸಿದ ಕಣ ಈಗ ನಿನ್ನ ರಕ್ತದಾಗ ಇರಬೇಕು. ಆಗಸ್ಟ್‌ನಾಗ ಇರಲಿಲ್ಲ, ಈಗ ಇರಬೇಕು. ನಡಿ, ಇವತ್ತ ಸಂಜಿ ಬಸ್ಸಿಗೆ ಹೋಗೂಣು. ಮನೀಗೆ ಫೋನ್ ಹಚ್ಚು."

ಹಚ್ಚಿದೆ. ನರಗುಂದದಲ್ಲಿದ್ದೇನೆ, ಬೆಂಗಳೂರಿಗೆ ಹೊರಟಿದ್ದೇನೆ ಎಂದೆ. ಯಾಕೆ ಎಂದು ಅವ್ವ ಕೇಳಲಿಲ್ಲ. "ಅಲ್ಲೇ ಇರು, ನಾನೂ ಬರ್ತೀನಿ" ಅಂದಳು.

ನಾಲ್ಕು ಗಂಟೆಗೆ ಅವ್ವ ರೋಣದ ಬಸ್ಸಿನಿಂದ ಇಳಿದಳು. ಒಂದು ಕೈಯಲ್ಲಿ ನನ್ನ ಬಟ್ಟೆಯ ಚೀಲ, ತನಗೆಂದು ಏನೂ ತಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಅವ್ವ, ಹಬ್ಬದ ದಿನ ನನ್ನ ಕಣ್ಣ..."

"ಗೊತ್ತೈತಿ."

ನಾನು ಆಕೆಯ ಕಡೆ ತಿರುಗಿದೆ.

"ರೆಪ್ಪಿ ಹಿಡದಾಕಿ ನಾನ ಅಲ್ಲೇನ? ಮೂಲ್ಯಾಗ ಪಿಚ್ಚು ಇತ್ತು. ನೋಡೇನಿ. ಹೊಗಿ ಹತ್ತಿರಬೇಕು ಅಂದ್ಕೊಂಡೆ. ಸೆರಗಲೆ ಒರಸಿದ್ನೆಲ್ಲ, ಏನಾಗ್ತೈತಿ ಅಂದ್ಕೊಂಡೆ."

"ಮತ್ತ ಡಾಕ್ಟರು ಕೇಳಿದಾಗ?"

"ಹೂಂ ಅಂದ್ರ ಏನಕ್ಕಿತ್ತು? ತಂಗೀನ ಅಣ್ಣಗ ಬ್ಯಾನಿ ಹಚ್ಚಿದ್ಲು ಅಂತಿದ್ರು ಮಂದಿ. ನಾಳೆ ನಿನ್ನ ಯಾರ ಮಾಡಿಕೊಳ್ತಿದ್ರು?" ತನ್ನ ಬಲಗೈಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು, "ಅದೂ ಅಲ್ಲ. ನಂದ ಕೈ ಅಂತ ಹೇಳಾಕ ನನಗ ಆಗಲಿಲ್ಲ" ಅಂದಳು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ನಾನು ಆಕೆಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ, ಆಕೆ ನನ್ನನ್ನು. ಹದಿನಾಲ್ಕು ದಿನ ಒಂದೇ ಒಲೆಯ ಮುಂದೆ ಇಬ್ಬರೂ ಒಂದೇ ಮಾತನ್ನು ಮುಚ್ಚಿಟ್ಟುಕೊಂಡು ಕೂತಿದ್ದೆವು. ಬೆಂಗಳೂರು ಮುಟ್ಟುವತನಕ ನಾನು ಆಕೆಯ ಜೊತೆ ಮಾತಾಡಲಿಲ್ಲ.

ನನ್ನ ಹೊಸ ರಕ್ತ ಪರೀಕ್ಷೆಗೆ ಹೋಯಿತು. ಎರಡು ದಿನದ ಮೇಲೆ ಶ್ವೇತಾ ಓಡುತ್ತಲೇ ಬಂದರು. "ಐತಿ! ಜೋರ ಐತಿ!" ಕಾಗದಗಳಿಗೆ ಅಪ್ಪ ಸಹಿ ಹಾಕಿದ, ಅಣ್ಣ ಹಾಕಿದ, ನಾನು ಹಾಕಿದೆ. ಹೊಸ ಚಿಕಿತ್ಸೆಯಾದ್ದರಿಂದ ಫಲ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ ಎಂದು ಅದರಲ್ಲಿತ್ತು. ನನ್ನ ಕಣಗಳು ವೈರಸ್ಸನ್ನು ಬಿಟ್ಟು ಅಣ್ಣನ ಚರ್ಮ, ಕರುಳು, ಪಿತ್ತಜನಕಾಂಗದ ಮೇಲೇ ಏರಿಹೋಗಬಹುದು ಎಂದೂ ಇತ್ತು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ, "ನಿನ್ನ ಕಣ ನಿನ್ನಂಗ ಇರ್ತಾವ ಬಿಡು, ಯಾರ ಮ್ಯಾಲೂ ಏರಿ ಹೋಗಂಗಿಲ್ಲ" ಅಂದ.

ಮೂರು ತಾಸು ಯಂತ್ರಕ್ಕೆ ತೋಳು ಕೊಟ್ಟು ಮಲಗಿದೆ. ಮರುದಿನ ಆರಿಸಿದ ಕಣಗಳು ಬಂದವು. ಅವತ್ತು ಮಾತ್ರ ಅಪ್ಪನ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಒಂದು ಸಿರಿಂಜಿನ ತಳದಲ್ಲಿ ಚಹಾದ ಚಮಚೆಯಷ್ಟು ತಿಳಿನೀರು.

"ಇಷ್ಟಾ?" ಅಂದ ಅಪ್ಪ. "ಇಷ್ಟ ಹತ್ತಿ ತಂದ್ರ ನಾ ದಿಂಬಿನ ಒಂದ ಮೂಲೀನೂ ತುಂಬಂಗಿಲ್ಲ."

ಅಣ್ಣ ನಗಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡ. ಏರಿಸುವುದು ಐದು ನಿಮಿಷದಲ್ಲಿ ಮುಗಿಯಿತು.

ಮೊದಲ ವಾರ ಏನೂ ಬದಲಾಗಲಿಲ್ಲ. ಎಂಟನೆಯ ದಿನ ಅವನ ಅಂಗೈ, ಅಂಗಾಲು ಕೆಂಪಾಗಿ ಉರಿಯತೊಡಗಿದವು. ಏರಿಹೋಗುವುದು ಎಂದರೆ ಇದೇ ಎಂದು ನನಗೆ ತಿಳಿಯಿತು. ಊಟ ಸೇರಲಿಲ್ಲ. ಔಷಧ ಕೊಟ್ಟರು, ನಾಲ್ಕು ದಿನದಲ್ಲಿ ಕೆಂಪು ಇಳಿಯಿತು. ಆ ನಾಲ್ಕು ದಿನದೊಳಗೇ ವೈರಸ್ಸಿನ ಲೆಕ್ಕ ಲಕ್ಷಗಳಿಂದ ಸಾವಿರಗಳಿಗೆ, ಆಮೇಲೆ ನೂರುಗಳಿಗೆ ಬಂತು. ಮೂತ್ರ ತಿಳಿಯಾಯಿತು, ಅಂದರೆ ಬಂದಷ್ಟು ಮೂತ್ರ. ಬರುವುದೇ ಕಡಿಮೆಯಾಗಿತ್ತು. ಮುಖ, ಪಾದ ಊದಿದವು. ಡಯಾಲಿಸಿಸ್ ಶುರು ಮಾಡಿದರು, ವಾರಕ್ಕೆ ಎರಡು ಸಲ.

ಫೆಬ್ರವರಿಯ ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಆಗ ಅಣ್ಣನನ್ನು ಬೇರೆ ಕೋಣೆಗೆ ತಂದಿದ್ದರು, ಮುಸುಕು ಕಟ್ಟಿಕೊಂಡು ನಾವೂ ಒಳಗಿರಬಹುದಿತ್ತು. ಹಿಂದೆ ಶ್ವೇತಾ, ಮತ್ತೆ ನಾಲ್ಕೈದು ಮಂದಿ. ಅವರು ಇಂಗ್ಲಿಷಿನಲ್ಲಿ ಹೇಳಿದರು: ವೈರಸ್ಸು ಹೋಗಿದೆ, ಕಣಗಳು ಕೆಲಸ ಮಾಡಿವೆ, ಇದು ಒಳ್ಳೆಯ ಸುದ್ದಿ. ಆಮೇಲೆ ದನಿ ತಗ್ಗಿಸಿ, ಹಿಂದಿದ್ದವರಿಗೆ ಎಂಬಂತೆ, ಎರಡು ವಾರ ಮೊದಲು ಈ ಕಣಗಳು ಸಿಕ್ಕಿದ್ದರೆ ಆ ಔಷಧವನ್ನು ಅಷ್ಟು ದಿನ ಕೊಡಬೇಕಾಗುತ್ತಿರಲಿಲ್ಲ, ಕಿಡ್ನಿ ಉಳಿಯುತ್ತಿತ್ತು, ಇನ್ನು ಅವು ತಿರುಗಿ ಬರುವುದು ಅನುಮಾನ ಎಂದರು. ಶ್ವೇತಾ ಕಾಗದದಲ್ಲಿ ಏನೋ ಹುಡುಕುವವರಂತೆ ತಲೆ ಬಗ್ಗಿಸಿದರು.

ಅವರು ಹೋದ ಮೇಲೆ ಅಣ್ಣ ಕೇಳಿದ. "ಏನಂದ್ರು?"

"ವೈರಸ್ ಹೋತಂತ."

"ಅದನ್ನ ಒಂದ ನಿಮಿಷದಾಗ ಹೇಳಿದ್ರು. ಆಮ್ಯಾಲೆ ಸಣ್ಣ ದನೀಲೆ ಏನಂದ್ರು?"

ಅವ್ವ ಮಂಚದ ಕಾಲಿನ ಕಡೆ ಕೂತಿದ್ದಳು. ನನ್ನ ಕಡೆ ನೋಡಿದಳು. ಬೇಡ ಎಂದಳೋ, ಹೇಳು ಎಂದಳೋ ನನಗೆ ಇವತ್ತಿಗೂ ತಿಳಿಯದು. ನುಂಗುವುದು ಸುಲಭವಿತ್ತು. ಔಷಧದಿಂದ ಕಿಡ್ನಿಗೆ ಪೆಟ್ಟಾಗಿದೆ ಎಂದಿದ್ದರೆ ಸಾಕಿತ್ತು, ಅದೂ ಸುಳ್ಳಲ್ಲ.

ಮೊದಲಿಂದ ಹೇಳಿದೆ. ಹಬ್ಬದ ಹಿಂದಿನ ಸಂಜೆಯಿಂದ. ಅಂಟಿದ ರೆಪ್ಪೆ, ಸುರ್ಮಾ, ಎರಡು ಫೋನು, ನರಗುಂದ. ಅವ್ವನ ಪಾಲು ಬಂದಾಗ ನಿಲ್ಲಿಸಿದೆ. ಅಲ್ಲಿಂದ ಮುಂದೆ ಅವ್ವನೇ ಹೇಳಿದಳು, ತಲೆ ಎತ್ತದೆ. ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಅಣ್ಣ ಊದಿದ ರೆಪ್ಪೆಗಳ ಸಂದಿನಿಂದ ನಮ್ಮಿಬ್ಬರನ್ನೂ ನೋಡಿದ.

"ಹದಿನಾಲ್ಕ ದಿನ," ಅಂದ. "ನಾ ಇಲ್ಲಿ ರಕ್ತ ಉಚ್ಚಿ ಹೊಯ್ಯಾಕತ್ತಿದ್ದೆ. ನೀವಿಬ್ಬರೂ ಅಲ್ಲಿ ಒಬ್ಬರ ಮಾರಿ ಒಬ್ಬರು ನೋಡಕೋತ ರೊಟ್ಟಿ ಬಡಕೊಂಡ ಉಂಡ್ರೇನ?"

"ಹೂಂ" ಅಂದೆ.

ಅವನು ಗೋಡೆಯ ಕಡೆ ಹೊರಳಿದ. ಮಧ್ಯಾಹ್ನದ ಊಟ ತಾಟಿನಲ್ಲೇ ಆರಿತು. ನರ್ಸು ಬಂದು ಸೂಜಿ ಬದಲಿಸಿದಳು, ಅವಳ ಜೊತೆ ಎರಡು ಮಾತಾಡಿದ, ನಮ್ಮ ಜೊತೆ ಇಲ್ಲ. ನಾಲ್ಕರ ಸುಮಾರಿಗೆ ಅವನನ್ನು ಡಯಾಲಿಸಿಸ್ಸಿಗೆ ಒಯ್ಯಲು ತಳ್ಳುಗಾಡಿ ಬಂತು. ಅವ್ವ ಯಾವಾಗಲೂ ಅವನ ಕೈ ಹಿಡಿದು ಏಳಿಸುತ್ತಿದ್ದಳು. ಅವತ್ತು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು. ಅಣ್ಣ ತಾನೇ ಏಳಲು ಹೋಗಿ ಎರಡು ಸಲ ಕುಸಿದು ಕೂತ.

"ಅಲ್ಲಿ ನಿಂತು ಏನ ಮಾಡ್ತೀ?" ಎಂದ, ಸಿಟ್ಟಿನಿಂದಲೇ. "ಹಿಡಿ ಬಾ."

ಅವ್ವ ಬಂದು ಹಿಡಿದಳು. ನನ್ನನ್ನು ಅವನು ಕರೆಯಲಿಲ್ಲ. ತಳ್ಳುಗಾಡಿಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಾನೂ ನಡೆದೆ.